ಫಳಫಳಮ್ಮನ ಹಿತ್ತಾಳೆ ಗುಂಡು

ಆ ಶಾಲೆಯ ಲ್ಯಾಬಿನಲ್ಲಿ ಹೊಳೆಯದ ವಸ್ತುಗಳು ಎರಡೇ ಎರಡು. ಒಂದು ಗೋಡೆಯ ಕರಿಹಲಗೆ, ಇನ್ನೊಂದು ಆಗಾಗ ಬಂದು ಹೋಗುವ ಹೆಡ್‌ಮಾಸ್ಟರ ಮುಖ. ಮಿಕ್ಕಿದ್ದೆಲ್ಲ ಹೊಳೆಯುತ್ತಿತ್ತು. ತಕ್ಕಡಿಯ ತಟ್ಟೆ, ತೂಕದ ಬಟ್ಟುಗಳು, ಸ್ಪಿರಿಟ್ ದೀಪದ ಮುಚ್ಚಳ, ಎಲೆಕ್ಟ್ರಿಕ್ ಗಂಟೆಯ ಬಟ್ಟಲು, ಕಪಾಟಿನ ಹಿಡಿ, ಕಡೆಗೆ ಬಾಗಿಲ ಚಿಲಕ ಕೂಡ. ಚಿಲಕ ಹಿಡಿದು ಒಳಗೆ ಬಂದವರು ಬೆರಳಿನ ಗುರುತು ಬಿಟ್ಟರೆ, ಅವರ ಬೆನ್ನ ಹಿಂದೆಯೇ ಒಂದು ಬಟ್ಟೆ ಬಂದು ಅದನ್ನು ಅಳಿಸಿ ಹೋಗುತ್ತಿತ್ತು. ಆ ಬಟ್ಟೆಯ ಇನ್ನೊಂದು ತುದಿಯಲ್ಲಿ ಇರುತ್ತಿದ್ದವಳು ಲ್ಯಾಬಿನ ಅಟೆಂಡರ್. ಮಕ್ಕಳ ಬಾಯಲ್ಲಿ ಫಳಫಳಮ್ಮ.

ಇಪ್ಪತ್ತಾರು ವರ್ಷದ ಹಿಂದೆ ಆಕೆ ಅಲ್ಲಿಗೆ ಬಂದದ್ದು ಕಸ ಗುಡಿಸುವುದಕ್ಕೆ. ಬಂದ ಮೊದಲ ವಾರವೇ ಒಂದು ಥರ್ಮಾಮೀಟರ್ ಬೀಳಿಸಿದಳು. ಗಾಜು ಪುಡಿಯಾಯಿತು, ಒಳಗಿದ್ದದ್ದು ಬೆಳ್ಳಿಯ ಕಾಳಿನಂತೆ ನೆಲದ ಮೇಲೆಲ್ಲ ಓಡಾಡಿತು. ಇವಳು ಪೊರಕೆ ಹಿಡಿದು ಬೆನ್ನಟ್ಟಿದಷ್ಟೂ ಒಂದು ಎರಡಾಗಿ, ಎರಡು ಹತ್ತಾಗಿ ಮೇಜಿನಡಿ ಸೇರಿಕೊಂಡವು. ಕೆಲಸ ಹೋಯಿತೆಂದೇ ಗಂಟು ಕಟ್ಟಿಕೊಂಡು ನಿಂತವಳಿಗೆ, ಆಗಿನ ವಿಜ್ಞಾನದ ಮೇಷ್ಟ್ರು ಬೈಯುವ ಬದಲು ಪಾಠ ಹೇಳಿದರು.

"ದೂರ ನಿಲ್ಲಮ್ಮ, ಅದು ಪಾದರಸ, ವಿಷ. ಗಾಜಿನ ನಳಿಗೇಲಿ ಇದ್ದಾಗ ಮಾತ್ರ ಸಾಧು. ಬಿಸಿ ತಾಗಿದ್ರೆ ಹಿಗ್ಗುತ್ತೆ, ಕೂತ ಜಾಗ ಸಾಲಲ್ಲ, ಮೇಲಕ್ಕೆ ಹತ್ತುತ್ತೆ. ಎಷ್ಟು ಹತ್ತಿತು ಅಂತ ಪಕ್ಕದಲ್ಲಿ ಗೆರೆ ಎಳೆದ್ರೆ, ಅದೇ ಡಿಗ್ರಿ. ಅಷ್ಟೇ ಗುಟ್ಟು."

ಅದೇ ಸಂಜೆ ಅವರು ಕಪಾಟಿನಿಂದ ಒಂದು ಹಿತ್ತಾಳೆ ಗುಂಡು, ಒಂದು ಹಿತ್ತಾಳೆ ಬಳೆ ತೆಗೆದರು. ಗುಂಡಿನ ನೆತ್ತಿಗೆ ಒಂದು ಕೊಂಡಿ, ಕೊಂಡಿಗೆ ಗೇಣುದ್ದ ಸರಪಳಿ. ತಣ್ಣಗಿದ್ದಾಗ ಗುಂಡು ಬಳೆಯೊಳಗೆ ಸಲೀಸಾಗಿ ಇಳಿದು ಹೋಯಿತು. ಅದನ್ನೇ ದೀಪದ ಮೇಲೆ ಕಾಯಿಸಿ ಬಳೆಯ ಮೇಲಿಟ್ಟರೆ, ಕದಲದೆ ಕೂತುಬಿಟ್ಟಿತು. ಅತ್ತೆ ಮನೆಗೆ ಬಂದು ಕೂತ ಅಳಿಯನ ಹಾಗೆ. ತಣ್ಣಗಾದ ಮೇಲೆ ತಾನಾಗಿ ಟಣಕ್ಕೆಂದು ಕೆಳಗೆ ಬಿತ್ತು. ಆಕೆ ಇನ್ನೊಮ್ಮೆ ಮಾಡಿಸಿದಳು, ಮತ್ತೊಮ್ಮೆ ಮಾಡಿಸಿದಳು.

"ಇದನ್ನ ಹೊಳೆಯೋ ಹಾಗೆ ಇಡಮ್ಮ," ಅಂದರು ಮೇಷ್ಟ್ರು. "ಹಿತ್ತಾಳೆ ಹೊಳೀತಿದ್ರೆ ಹುಡುಗರ ಕಣ್ಣು ಕಿಟಕಿ ಬಿಟ್ಟು ಇಲ್ಲಿಗೆ ಬರುತ್ತೆ."

ಆ ಮಾತು ಆಡಿದವರು ಆರೇ ತಿಂಗಳಿಗೆ ಮರೆತಿರಬೇಕು. ಕೇಳಿಸಿಕೊಂಡವಳು ಮರೆಯಲಿಲ್ಲ. ಪ್ರತಿ ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ, ನಿಂಬೆ ಸಿಪ್ಪೆ, ಸೋಸಿದ ಬೂದಿ, ಹಳೆಯ ಬಟ್ಟೆ ಹಿಡಿದು ಹಿತ್ತಲ ಜಗುಲಿಯಲ್ಲಿ ಕೂತರೆ, ಗುಂಡಿನಲ್ಲಿ ತನ್ನ ಮುಖ ಕಾಣುವ ತನಕ ಏಳುತ್ತಿರಲಿಲ್ಲ. ರಜೆಗಿಜೆ ಕಳೆದರೂ ಒಂದು ಸಾವಿರ ಶನಿವಾರ. ಬೇರೆ ಮೇಷ್ಟ್ರುಗಳು ಬಂದರು, ಹೋದರು. ಹನ್ನೊಂದು ವರ್ಷದಿಂದ ಯಾರೂ ಆ ಗುಂಡನ್ನು ಕಾಯಿಸಿರಲಿಲ್ಲ. ಹಲಗೆಯ ಮೇಲೆ ಒಂದು ಸಣ್ಣ ಸೊನ್ನೆ, ಪಕ್ಕದಲ್ಲಿ ಒಂದು ದೊಡ್ಡ ಸೊನ್ನೆ ಬರೆದು "ಅರ್ಥ ಆಯ್ತಾ?" ಅನ್ನುವುದು, ಮಕ್ಕಳು "ಆಯ್ತು ಸಾರ್" ಅನ್ನುವುದು. ಸೀಮೆಸುಣ್ಣದ ಗುಂಡು ಹೇಳಿದಷ್ಟು ಹಿಗ್ಗುತ್ತಿತ್ತು. ಹಿತ್ತಾಳೆಯ ಗುಂಡು ಗಿರಾಕಿ ಇಲ್ಲದ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟ ಸರಕಿನಂತೆ ಸುಮ್ಮನೆ ಹೊಳೆಯುತ್ತ ಕೂತಿತ್ತು.

ಅಷ್ಟು ವರ್ಷದಲ್ಲಿ ಫಳಫಳಮ್ಮ ಕಲಿತ ವಿದ್ಯೆ ಕಡಿಮೆಯದೇನಲ್ಲ. ಲ್ಯಾಬಿನ ಗೋಡೆಯ ಮೇಲೆ ಮರದ ಪಟ್ಟಿಗೆ ಕೂರಿಸಿದ ಒಂದು ಮುದಿ ಥರ್ಮಾಮೀಟರ್ ಇತ್ತು. ಅದರ ಲೆಕ್ಕ ಫ್ಯಾರನ್‌ಹೀಟ್. ಕಪಾಟಿನಲ್ಲಿರುವ ಹೊಸವುಗಳ ಲೆಕ್ಕ ಸೆಲ್ಸಿಯಸ್. ಒಂದೇ ಬಟ್ಟೆಯನ್ನು ಒಬ್ಬ ಗಜದಲ್ಲಿ, ಇನ್ನೊಬ್ಬ ಮೀಟರಿನಲ್ಲಿ ಅಳೆದು ಕೊಟ್ಟ ಹಾಗೆ. ಬಟ್ಟೆ ಅಷ್ಟೇ ಇರುತ್ತದೆ, ಸಂಖ್ಯೆ ಮಾತ್ರ ಬೇರೆ. ಹೊಸ ಲೆಕ್ಕದಲ್ಲಿ ನೀರು ಸೊನ್ನೆಗೆ ಗಡ್ಡೆ ಕಟ್ಟುತ್ತದೆ, ನೂರಕ್ಕೆ ಕುದಿಯುತ್ತದೆ. ಮುದಿಯಪ್ಪನ ಲೆಕ್ಕದಲ್ಲಿ ಮೂವತ್ತೆರಡಕ್ಕೆ ಗಡ್ಡೆ, ಇನ್ನೂರ ಹನ್ನೆರಡಕ್ಕೆ ಕುದಿ. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಆಕೆಯ ಬಳಿ ಬೆರಳಲ್ಲೇ ಮುಗಿಯುವ ಉಪಾಯವಿತ್ತು: ಮೂವತ್ತೆರಡು ಕಳೆ, ಉಳಿದದ್ದರಲ್ಲಿ ಅರ್ಧ ಮಾಡು, ಆ ಅರ್ಧಕ್ಕೆ ಅದರದೇ ಹತ್ತನೇ ಒಂದು ಪಾಲು ಕೊಸರು ಸೇರಿಸು. ಎರಡೂ ಥರ್ಮಾಮೀಟರುಗಳು ಒಂದೇ ಸಂಖ್ಯೆ ಹೇಳುವ ಜಾಗವೂ ಆಕೆಗೆ ಗೊತ್ತಿತ್ತು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಇಬ್ಬರು ವ್ಯಾಪಾರಿಗಳ ದರ ಒಂದೇ ಆಗುವುದು ಸಂತೋಷವೇ, ಆದರೆ ಆ ಚಳಿಯಲ್ಲಿ ಗಿರಾಕಿ ಬರಬೇಕಲ್ಲ.

ಹೆಡ್‌ಮಾಸ್ಟರಿಗೆ ಈ ವಿದ್ಯೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಲ್ಯಾಬಿಗೆ ಬಂದವರು ಗೋಡೆಯ ಥರ್ಮಾಮೀಟರ್ ನೋಡಿ ಹೌಹಾರಿದ್ದರು.

"ತೊಂಬತ್ತೈದು! ಇನ್ನೈದು ಡಿಗ್ರಿ ಏರಿದ್ರೆ ಹುಡುಗರು ಕುದ್ದು ಹೋಗ್ತಾರಲ್ಲ!"

"ಸಾರ್, ಅದು ಹಳೇ ಲೆಕ್ಕ," ಅಂದಿದ್ದಳು ಫಳಫಳಮ್ಮ, ಬಟ್ಟೆ ಒದರುತ್ತ. "ನಿಮ್ಮ ಲೆಕ್ಕದಲ್ಲಿ ಮೂವತ್ತೈದು. ಬೆವರು ಬರುತ್ತೆ, ಕುದಿ ಬರಲ್ಲ."

ನಾಲ್ಕು ಮಕ್ಕಳ ಎದುರು ಈ ಮಾತು ಬಂದದ್ದು ಹೆಡ್‌ಮಾಸ್ಟರಿಗೆ ಹಿಡಿಸಲಿಲ್ಲ. ಅದಕ್ಕೇ ಎಂದು ಹೇಳಲು ಸಾಕ್ಷಿಯಿಲ್ಲ, ಆದರೆ ಈ ವರ್ಷ ಅವರು ಲ್ಯಾಬಿನ ನಡುವೆ ನಿಂತು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದರು.

"ಇಲ್ಲಿ ಒಂದು ಪರದೆ, ಅಲ್ಲಿ ಒಂದು ಪ್ರೊಜೆಕ್ಟರ್," ಅಂದರು. "ಎಲ್ಲಾ ಪ್ರಯೋಗ ಪರದೆ ಮೇಲೇ ಬರುತ್ತೆ. ಗುಂಡು ತಾನೇ ಬಿಸಿಯಾಗುತ್ತೆ, ತಾನೇ ತಣ್ಣಗಾಗುತ್ತೆ. ಯಾರೂ ಕೈ ಸುಟ್ಕೊಳ್ಳಲ್ಲ."

"ಮತ್ತೆ ನಾನು ಸಾರ್?"

"ಗೇಟಲ್ಲಿ ಒಂದು ಸ್ಟೂಲಿದೆ. ತಡವಾಗಿ ಬರೋ ಮಕ್ಕಳ ಹೆಸರು ಬರ್ಕೊಂಡ್ರೆ ಆಯ್ತು. ನೆರಳಿದೆ, ಗಾಳಿಯಿದೆ. ಇನ್ನೇನ್ ಬೇಕಮ್ಮ?"

ಫಳಫಳಮ್ಮನಿಗೆ ನೆರಳು ಗಾಳಿ ಬೇಕಿರಲಿಲ್ಲ. ಆಕೆಯ ಮುಖ ನೋಡಿ ಹೆಡ್‌ಮಾಸ್ಟರು ಚೌಕಾಸಿಗೆ ಇಳಿದರು. ಗೆಲ್ಲುವುದು ಖಾತ್ರಿಯಿದ್ದವರು ಮಾತ್ರ ಕೊಡುವಂಥ ಉದಾರವಾದ ದರ.

"ಶುಕ್ರವಾರ ಇನ್ಸ್‌ಪೆಕ್ಟರ್ ಬರ್ತಾರೆ. ಅವರ ಮುಂದೆ ಈ ಹಳೇ ಸಾಮಾನಲ್ಲಿ ಯಾವುದಾದ್ರೂ ಒಂದೇ ಒಂದು ಪ್ರಯೋಗ ನೆಟ್ಟಗೆ ನಡೀಲಿ, ಲ್ಯಾಬು ಹೀಗೇ ಇರುತ್ತೆ, ನೀನೂ ಇರ್ತೀಯ. ನಡೀಲಿಲ್ವೋ, ಶನಿವಾರ ಗುಜರಿ ಗಾಡಿ ಕರೆಸ್ತೀನಿ."

ಒಂದೇ ಒಂದು! ಫಳಫಳಮ್ಮನಿಗೆ ನಗು ಬಂತು. ಗುಂಡು ಇದೆಯಲ್ಲ.

ಸೋಮವಾರ ಮಧ್ಯಾಹ್ನ ತಾಲೀಮು. ವಿಜ್ಞಾನದ ಟೀಚರು ಬಂದು ನಾಲ್ಕು ತಿಂಗಳಾಗಿತ್ತು. ಸಣ್ಣ ವಯಸ್ಸಿನ ಹೆಣ್ಣುಮಗಳು. ಪುಸ್ತಕ ಚೆನ್ನಾಗಿ ಗೊತ್ತು, ಕಪಾಟು ಗೊತ್ತಿಲ್ಲ. ಗುಂಡನ್ನು ದೀಪದ ಮೇಲೆ ಐದು ನಿಮಿಷ ಹಿಡಿದರು. ಬಳೆಯ ಮೇಲೆ ಇಟ್ಟರು. ಗುಂಡು ಸುಳಕ್ಕನೆ ಒಳಗೆ ಹೋಯಿತು.

"ಬಿಸಿ ಸಾಲ್ಲಿಲ್ಲ ಅಮ್ಮ," ಅಂದರು ಟೀಚರು.

ಇನ್ನು ಹತ್ತು ನಿಮಿಷ ಕಾಯಿಸಿದರು. ಸುಳಕ್ಕನೆ ಹೋಯಿತು. ಸ್ಟಾಫ್ ರೂಮಿನಲ್ಲಿ ಚಹಾ ಕಾಯಿಸುವ ಗ್ಯಾಸ್ ಒಲೆ ಹೊತ್ತು ತಂದರು. ಒಳಗೆ ಕೂತ ಮೇಷ್ಟ್ರುಗಳಿಗೆ ಚಹಾ ತಪ್ಪಿತು, ಗುಂಡು ಮಾತ್ರ ಬಳೆಯೊಳಗೆ ತನ್ನ ಮನೆಬಾಗಿಲಲ್ಲಿ ಓಡಾಡುವ ಹಾಗೆ ಓಡಾಡಿತು.

"ಹಿತ್ತಾಳೇಲಿ ಏನೋ ಕಲಬೆರಕೆ ಇರ್ಬೇಕು," ಅಂದರು ಟೀಚರು.

"ಇಪ್ಪತ್ತಾರು ವರ್ಷದ ಹಿಂದೆ ಇರ್ಲಿಲ್ಲ, ಈಗೆಲ್ಲಿಂದ ಬಂತು ಕಲಬೆರಕೆ?" ಫಳಫಳಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಒಂದು ಹೆದರಿಕೆಯೂ ಕೂತಿತ್ತು. ಲ್ಯಾಬಿನ ಸಾಮಾನು ಮನೆಗೆ ಒಯ್ಯಬಾರದೆಂಬ ನಿಯಮ ಅವಳದೇ. ಅಂದು ಸಂಜೆ ಊಟದ ಡಬ್ಬಿಯಲ್ಲಿ ಗುಂಡು, ಬಳೆ ಎರಡೂ ಮನೆಗೆ ಹೋದವು.

ಗಂಡ ಲೇತ್ ಕೆಲಸದವನು. ಕಬ್ಬಿಣ, ಹಿತ್ತಾಳೆ ಸರಳುಗಳನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಿಸಿ, ಕೂದಲೆಳೆ ಲೆಕ್ಕದಲ್ಲಿ ಕೊರೆದು ಕೊಡುವವನು. ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇರುವಂತೆ ಅವನ ಜೇಬಿನಲ್ಲಿ ಮೈಕ್ರೋಮೀಟರ್ ಇರುತ್ತಿತ್ತು.

"ಏನ್ರೀ, ಇದನ್ನ ಸ್ವಲ್ಪ ಅಳೆದು ಹೇಳಿ," ಅಂದಳು, ಯಾವುದೋ ಪಕ್ಕದ ಮನೆಯ ವಿಷಯದಂತೆ.

ಗಂಡ ಕನ್ನಡಕ ಏರಿಸಿದ. ಗುಂಡನ್ನು ಉದ್ದಕ್ಕೆ, ಅಡ್ಡಕ್ಕೆ ಹಿಡಿದು ತಿರುಪು ತಿರುಗಿಸಿದ. ಬಳೆಯ ಒಳಗನ್ನು ಅಳೆದ. ಗುಂಡಿನ ನೆತ್ತಿಯಲ್ಲಿ ಕೊಂಡಿ ಕೂತ ಕಡೆ ಉಗುರಿನಿಂದ ಕೆರೆದು ನೋಡಿದ. ಆಮೇಲೆ ಹೆಂಡತಿಯ ಮುಖವನ್ನೇ ಒಂದು ಗಳಿಗೆ ಅಳೆದ.

"ಬಳೆ ಒಳಗೆ ಇಪ್ಪತ್ತೈದು ಮಿಲಿಮೀಟರು. ಗುಂಡು ಇಪ್ಪತ್ತನಾಲ್ಕೂ ಮುಕ್ಕಾಲು. ಸಂದು ಕಾಲು ಮಿಲಿ ಇದೆ. ನೀನು ಇದನ್ನ ಎಷ್ಟೇ ಕಾಯಿಸು, ಒಂದು ಮಿಲೀಲಿ ಹತ್ತನೇ ಒಂದು ಪಾಲು ಹಿಗ್ಗಿದ್ರೆ ಜಾಸ್ತಿ. ಕೂರೋದೆಲ್ಲಿಂದ ಬಂತು?"

"ಅಂದ್ರೆ ಬಳೆ ದೊಡ್ಡದಾಗಿದೆ?"

"ಗುಂಡು ಸಣ್ಣದಾಗಿದೆ. ಇಲ್ಲಿ ಉಗುರು ಆಡಿಸು, ಕೊಂಡಿ ಪಕ್ಕದಲ್ಲಿ. ಒಂದು ಮೆಟ್ಟಿಲು ಸಿಗುತ್ತೆ ನೋಡು. ಬಟ್ಟೆ ಹೋಗದೆ ಇರೋ ಜಾಗ ಅದೊಂದೇ. ಅಲ್ಲಿ ಮಾತ್ರ ಹಳೇ ಗುಂಡು ಉಳಿದಿದೆ."

ಆಕೆ ಉಗುರು ಆಡಿಸಿದಳು. ಮೆಟ್ಟಿಲು ಸಿಕ್ಕಿತು. ಆಮೇಲೆ ಬಹಳ ಹೊತ್ತು ಆ ಉಗುರನ್ನು ಅಲ್ಲಿಂದ ತೆಗೆಯಲಿಲ್ಲ.

"ಲೇತಿಲ್ಲ, ಕರೆಂಟಿಲ್ಲ, ಬರೀ ಬೂದೀಲಿ ಇಷ್ಟು ನಯವಾಗಿ ಹಿತ್ತಾಳೆ ತೆಗೆಯೋರು ನಮ್ಮ ವರ್ಕ್‌ಶಾಪಲ್ಲೇ ಯಾರೂ ಇಲ್ಲ ಕಣೆ," ಅಂದ ಗಂಡ. ನಗಿಸಲು ನೋಡಿದ. ನಗು ಬರದಿದ್ದಾಗ ದನಿ ಇಳಿಸಿದ. "ಹೊಸ ಗುಂಡು ತಿರುಗಿಸಿ ಕೊಡ್ತೀನಿ ಬಿಡು. ಆದ್ರೆ ಇಷ್ಟು ದಪ್ಪದ ಹಿತ್ತಾಳೆ ಸರಳು ಬರೋದು ಮುಂದಿನ ವಾರ."

"ಶುಕ್ರವಾರ ಆದ್ಮೇಲೆ ನಿಮ್ಮ ಗುಂಡು ತಗೊಂಡು ಗೇಟಲ್ಲಿ ಗೋಲಿ ಆಡ್ಲಾ?"

"ಹಾಗಾದ್ರೆ ಟೀಚರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು."

"ಏನಂತ? ಸಾಮಾನು ಕಾಯೋಕೆ ಇಟ್ಟೋಳೇ ಸಾಮಾನು ತಿಂದು ಹಾಕಿದ್ಲು ಅಂತಾನಾ?"

ಹೇಳಲಿಲ್ಲ. ಮಂಗಳವಾರ ಕೆಲಸಕ್ಕೆ ಹೋಗುವಾಗ ದಾರಿ ತಪ್ಪಿಸಿ ಕಲಾಯಿಯವನ ಬಳಿ ಹೋದಳು. ಪಾತ್ರೆಗಳಿಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವ ಮುದುಕ ಅವನು, ಗಂಡನ ಹಳೆಯ ಗೆಳೆಯ.

"ಅಣ್ಣ, ಇದಕ್ಕೆ ದಪ್ಪಗೆ ಎರಡು ಸಲ ಕಲಾಯಿ ಹಾಕಿಕೊಡಿ."

"ಗುಂಡಿಗೆ ಕಲಾಯಿ! ಇದರಲ್ಲೇನು ಸಾರು ಕಾಯಿಸ್ತೀಯ ತಂಗಿ?"

"ಶೋಕೇಸಿಗೆ ಅಣ್ಣ. ಚೆಂದಕ್ಕೆ."

ಒಳಗೆ ಸಾರು ನೀರಿಲ್ಲದೆ ಬರೀ ಬೆಂಕಿಯ ಮೇಲಿಡುವ ವಸ್ತುವೆಂದು ಒಂದು ಮಾತು ಹೇಳಿದ್ದರೆ, ಮುದುಕ ಅಲ್ಲೇ ಅವಳನ್ನು ವಾಪಸು ಕಳಿಸುತ್ತಿದ್ದ. ಮುಚ್ಚಿಟ್ಟು ಮಾಡಿಸಿಕೊಂಡ ಕೆಲಸಕ್ಕೆ ಯಾವ ಅಂಗಡಿಯವನೂ ಜವಾಬ್ದಾರನಲ್ಲ.

ಬುಧವಾರ ಟೀಚರು ಗುಂಡು ನೋಡಿ, "ಇದೇನು ಬೆಳ್ಳಗಾಗಿದೆ?" ಅಂದರು. "ಚೆನ್ನಾಗಿ ತೊಳೆದೆ," ಅಂದಳು ಫಳಫಳಮ್ಮ, ಬೇರೆ ಕಡೆ ನೋಡುತ್ತ. ತಣ್ಣಗಿದ್ದಾಗ ಗುಂಡು ಬಳೆಯನ್ನು ಸವರಿಕೊಂಡು ಬಿಗಿಯಾಗಿ ಹೋಯಿತು. ಆಕೆಗೆ ಕೊಂಚ ಜೀವ ಬಂತು. ಗ್ಯಾಸ್ ಒಲೆ ಹಚ್ಚಿದರು. ಎರಡು ನಿಮಿಷಕ್ಕೆ ಗುಂಡಿನ ಕೆಳಗೆ ಒಂದು ಬೆಳ್ಳಿ ಹನಿ ಮೂಡಿತು, ದಪ್ಪವಾಯಿತು, ಒಲೆಯ ಮೇಲೆ ಬಿತ್ತು. ಇನ್ನೊಂದು ಹನಿ ಮೇಜಿಗೆ. ಮೂಗು ಸೋರುವ ಕೂಸಿನ ಹಾಗೆ ಗುಂಡು ತವರ ಸುರಿಸಿಕೊಂಡು, ಬಳೆಯೊಳಗೆ ಜಾರಿ ಹೋಯಿತು.

ಟೀಚರು ಬೆರಗಾಗಿ ನೋಡಿದರು. ಗುಂಡನ್ನಲ್ಲ, ಫಳಫಳಮ್ಮನನ್ನು. ಆಕೆ ಸ್ಟೂಲಿನ ಮೇಲೆ ಕೂತು, ಮೈಕ್ರೋಮೀಟರಿನಿಂದ ಹಿಡಿದು ಶೋಕೇಸಿನ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಟೀಚರು ಬಾಯಿಗೆ ಕೈ ಅಡ್ಡ ಹಿಡಿದರು. ನಗು ಬೆರಳ ಸಂದಿಯಿಂದಲೇ ಬಂತು.

"ಅಯ್ಯೋ ಅಮ್ಮಾ! ಅಕ್ಕರೆ ಹೆಚ್ಚಾಗಿ ಸವೆಸಿಬಿಟ್ರಲ್ಲ! ಇನ್ಮೇಲೆ ಆ ಗುಂಡನ್ನ ಮುಟ್ಟಬೇಡಿ. ಮಾತು ಕೊಡಿ."

"ಕೊಟ್ಟೆ. ಈ ತವರದ ಕಲೆ ಒಂದು ತೆಗೆದುಬಿಡ್ಲಾ?"

"ಇದೇ ಕೊನೆ."

ಫಳಫಳಮ್ಮ ಹಿತ್ತಲ ಜಗುಲಿಗೆ ಹೋಗಿ ಗುಂಡು ಉಜ್ಜತೊಡಗಿದಳು. ಟೀಚರು ಪಕ್ಕದಲ್ಲಿ ಕೂತು ಪುಸ್ತಕದ ಹಾಳೆ ತಿರುವಿದರು. ಪುಸ್ತಕದಲ್ಲಿದ್ದದ್ದೂ ಅದೇ ಗುಂಡು, ಅದೇ ಬಳೆ. ಜಗುಲಿಯ ಎರಡು ಕಂಬಗಳ ನಡುವೆ ಇಪ್ಪತ್ತು ಅಡಿ ಉದ್ದದ ಕಬ್ಬಿಣದ ತಂತಿ ಕಟ್ಟಿತ್ತು. ಅದರ ಮೇಲೆ ಒರೆಸುವ ಬಟ್ಟೆಗಳು ಒಣಗುತ್ತಿದ್ದವು. ನಡುವಿನ ಬಟ್ಟೆಯ ತುದಿ ಜಗುಲಿಯ ಕಲ್ಲಿಗೆ ತಾಗುತ್ತಿತ್ತು. ಫಳಫಳಮ್ಮ ಅಭ್ಯಾಸಬಲದಿಂದ ಎದ್ದು ಅದನ್ನು ಎತ್ತಿ ಮಡಿಸಿ ಹಾಕಿದಳು.

"ತೊಂಬತ್ತು ದಾಟಿರ್ಬೇಕು," ಅಂದಳು.

"ಏನು ತೊಂಬತ್ತು?"

"ಡಿಗ್ರಿ. ಬಟ್ಟೆ ಕಲ್ಲಿಗೆ ತಾಗಿದ್ರೆ ಒಳಗೆ ಗೋಡೇಲಿ ತೊಂಬತ್ತು ದಾಟಿದೆ ಅಂತ."

"ತೊಂಬತ್ತು ಡಿಗ್ರಿಗೆ ನಾವು ಬೆಂದು ಹೋಗಿರ್ತಿದ್ವಿ ಅಮ್ಮ."

"ಮೂವತ್ತೆರಡು ಕಳೀರಿ, ಅರ್ಧ ಮಾಡಿ, ಹತ್ತನೇ ಒಂದು ಪಾಲು ಸೇರಿಸಿ. ಮೂವತ್ತೆರಡು, ನಿಮ್ಮ ಲೆಕ್ಕದಲ್ಲಿ. ಗೋಡೆಗೆ ಬಿಸಿಲಿಲ್ಲ, ತಂತಿಗೆ ಬಿಸಿಲಿದೆ. ಅದು ಇನ್ನೂ ಕಾದಿರುತ್ತೆ. ಈ ತಂತೀದು ಒಂದು ವಿಚಿತ್ರ ಟೀಚರಮ್ಮ. ಬೆಳಗ್ಗೆ ಒದ್ದೆ ಬಟ್ಟೆ ಹಾಕ್ತೀನಿ. ಭಾರ ಇರುತ್ತಲ್ಲ, ಆಗ ಮೇಲಿರುತ್ತೆ. ಮಧ್ಯಾಹ್ನಕ್ಕೆ ಒಣಗಿ ಹಗುರಾಗುತ್ತೆ, ಆಗ ನೋಡಿದ್ರೆ ಜೋತು ಬಿದ್ದಿರುತ್ತೆ. ಇದೆಂಥ ತಲೆತಿರುಕ ತಂತಿ ಅಂತ ಬೈಕೊಂಡು ಎಷ್ಟು ಸಲ ಬಿಗಿ ಮಾಡಿದೀನೋ. ಬಿಗಿ ಮಾಡಿದ್ರೂ ಅಷ್ಟೇ."

ಹೇಳುತ್ತ ಹೇಳುತ್ತ ಆಕೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಟೀಚರ ಕೈಯಲ್ಲಿದ್ದ ಪುಸ್ತಕ ಮುಚ್ಚಿತು. ಇಬ್ಬರೂ ತಂತಿಯನ್ನೇ ನೋಡಿದರು.

"ಪಾದರಸಕ್ಕೆ ಜಾಗ ಸಾಲದೆ ಮೇಲೆ ಹತ್ತುತ್ತೆ," ಅಂದಳು ಫಳಫಳಮ್ಮ ಮೆಲ್ಲಗೆ. "ತಂತಿಗೂ ಸಾಲ್ತಿಲ್ಲ. ಕಂಬ ಎರಡೂ ಜರುಗಲ್ಲ. ಅದಕ್ಕೇ ಕೆಳಗೆ ಬರ್ತಿದೆ."

"ಅಮ್ಮ," ಅಂದರು ಟೀಚರು, "ಗುಂಡು ಹಿಗ್ಗೋದು ಕಣ್ಣಿಗೇ ಕಾಣಲ್ಲ. ಇಪ್ಪತ್ತಡಿ ತಂತಿ ಮೂರೇ ಮಿಲಿ ಹಿಗ್ಗಿದ್ರೂ ನಡುಮಧ್ಯೆ ನಾಲ್ಕು ಬೆರಳು ಜೋತು ಬೀಳುತ್ತೆ! ಇದು ಗುಂಡಿಗಿಂತ ನೂರು ಪಾಲು ಮೇಲು."

ಗುರುವಾರ ಇಬ್ಬರೂ ಸೇರಿ ತಂತಿಯನ್ನು ಲ್ಯಾಬಿನೊಳಗೆ ಈ ಕಿಟಕಿಯ ಸರಳಿನಿಂದ ಆ ಕಿಟಕಿಯ ಸರಳಿಗೆ ಬಿಗಿದು ಕಟ್ಟಿದರು. ನಡುವೆ ಭಾರಕ್ಕೆ ಏನಾದರೂ ತೂಗಬಿಡಬೇಕಿತ್ತು. ಫಳಫಳಮ್ಮ ಕೇಳಲೇ ಇಲ್ಲ, ಗುಂಡನ್ನು ಸರಪಳಿಯ ಸಮೇತ ತಂದು ಸಿಕ್ಕಿಸಿದಳು. ಟೀಚರು ತಮ್ಮ ಪಾಲಿನ ಬುದ್ಧಿ ಹಾಕಿದರು. ಗುಂಡಿನ ಕೆಳಗೆ ಎರಡು ಬೆರಳು ಬಿಟ್ಟು ಒಂದು ಹಿತ್ತಾಳೆ ತಟ್ಟೆ. ತಟ್ಟೆಯಿಂದ ಬ್ಯಾಟರಿಗೆ ಒಂದು ವೈರು, ಬ್ಯಾಟರಿಯಿಂದ ಎಲೆಕ್ಟ್ರಿಕ್ ಗಂಟೆಗೆ, ಗಂಟೆಯಿಂದ ವಾಪಸು ತಂತಿಗೆ. ಗುಂಡು ಇಳಿದು ತಟ್ಟೆ ಮುಟ್ಟಿದರೆ ಕರೆಂಟು ಹರಿಯಬೇಕು, ಗಂಟೆ ಬಾರಿಸಬೇಕು. ಆರು ಮಂದಿ ಮಕ್ಕಳು ಆರು ಸ್ಪಿರಿಟ್ ದೀಪ ಹಿಡಿದು ತಂತಿಯ ಉದ್ದಕ್ಕೂ ಆಡಿಸಿದರು. ಗಂಟೆ ಬಾರಿಸಿತು. ಫಳಫಳಮ್ಮ ಅಂದು ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳು.

ಶುಕ್ರವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಬಂದರು. ಹಿಂದೆ ಹೆಡ್‌ಮಾಸ್ಟರು, ಮೊದಲೇ ದುಃಖಪಟ್ಟ ಮುಖ ಮಾಡಿಕೊಂಡು. ಇನ್ಸ್‌ಪೆಕ್ಟರು ಗೋಡೆಯ ಥರ್ಮಾಮೀಟರ್ ನೋಡಿ, "ಎಷ್ಟಿದೆ ಇವತ್ತು?" ಅಂದರು. ಹೆಡ್‌ಮಾಸ್ಟರು ಈ ಸಲ ಎಚ್ಚರವಾಗಿದ್ದರು. "ಮೂವತ್ತೆರಡು ಕಳೀಬೇಕು ಸಾರ್, ಆಮೇಲೆ ಅರ್ಧ..." ಎಂದು ಶುರುಮಾಡಿ, ಅರ್ಧದಲ್ಲೇ ನಿಂತರು. ಮಕ್ಕಳು ಕೆಮ್ಮಿದರು.

ಇನ್ಸ್‌ಪೆಕ್ಟರ ಕಣ್ಣು ಗೋಡೆಯ ಪಟದ ಮೇಲೆ ಹೋಯಿತು. ಪಟದಲ್ಲಿ ಗುಂಡು ಮತ್ತು ಬಳೆ. ಕಪಾಟಿನಲ್ಲಿ ಬಳೆ ಒಂಟಿಯಾಗಿ ಕೂತಿತ್ತು.

"ಇದರ ಜೋಡಿ ಎಲ್ಲಮ್ಮ?"

"ಅಲ್ಲಿ ತಂತೀಲಿ ನೇತಾಡ್ತಿದೆ ಸಾರ್."

"ತೆಗೀರಿ. ಮೊದಲು ಇದನ್ನ ಮಾಡಿ ನೋಡೋಣ. ನಾನೂ ಹುಡುಗನಾಗಿದ್ದಾಗ ನೋಡಿದ್ದು."

ಟೀಚರ ಮುಖ ಸುಣ್ಣವಾಯಿತು. ಗುಂಡನ್ನು ಬಿಚ್ಚಿದರು, ದೀಪದ ಮೇಲೆ ಹತ್ತು ನಿಮಿಷ ಕಾಯಿಸಿದರು, ಬಳೆಯ ಮೇಲೆ ಇಟ್ಟರು. ಸುಳಕ್ಕನೆ ಹೋಯಿತು.

ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು. "ನಾನು ಹೇಳಿದ್ನಲ್ಲ ಸಾರ್. ಹಳೇ ಸಾಮಾನು."

"ಸಾಮಾನಿನ ತಪ್ಪಲ್ಲ ಸಾರ್," ಅಂದಳು ಫಳಫಳಮ್ಮ. "ಸವೆದಿದೆ. ನಾನೇ ಸವೆಸಿದ್ದು. ಇಪ್ಪತ್ತಾರು ವರ್ಷ ವಾರ ವಾರ ಉಜ್ಜಿದೆ. ಕಾಯಿಸಿದ್ರೆ ಹಿಗ್ಗುತ್ತೆ ಸಾರ್, ಈಗ್ಲೂ ಹಿಗ್ಗುತ್ತೆ. ನಾನು ತೆಗೆದಷ್ಟು ತುಂಬಿಕೊಡೋಷ್ಟು ಹಿಗ್ಗಲ್ಲ, ಅಷ್ಟೇ."

ಇನ್ಸ್‌ಪೆಕ್ಟರು ಗುಂಡನ್ನು ನೋಡಿದರು, ಆಕೆಯ ಕೈಗಳನ್ನು ನೋಡಿದರು, "ಹೂಂ" ಅಂದರು. ಆ ಹೂಂ ಯಾವ ಕಡೆಯದೆಂದು ಯಾರಿಗೂ ತಿಳಿಯಲಿಲ್ಲ.

"ಸಾರ್, ಇನ್ನೊಂದಿದೆ," ಅಂದರು ಟೀಚರು ಅವಸರದಲ್ಲಿ. ಗುಂಡನ್ನು ನೀರಿಗೆ ಅದ್ದಿದರು, ಚುಂಯ್ ಎಂದಿತು. ಒರೆಸಿ ತಂತಿಗೆ ಸಿಕ್ಕಿಸಿದರು. ಆರು ದೀಪಗಳು ಆಡಿದವು. ಗುಂಡು ಇಳಿಯತೊಡಗಿತು. ಒಂದು ಬೆರಳು, ಒಂದೂವರೆ, ಎರಡು. ಮಕ್ಕಳು ಉಸಿರು ಹಿಡಿದರು. ಗುಂಡು ತಟ್ಟೆಯನ್ನು ಮುಟ್ಟಿತು.

ಗಂಟೆ ಸುಮ್ಮನಿತ್ತು.

ಟೀಚರು ಬ್ಯಾಟರಿ ಅಲ್ಲಾಡಿಸಿದರು, ವೈರು ಹಿಚುಕಿದರು. ಸುಮ್ಮನಿತ್ತು. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಹೆಡ್‌ಮಾಸ್ಟರ ಕಣ್ಣಲ್ಲಿ ಆಗಲೇ ಪರದೆ ಇಳಿಯುತ್ತಿತ್ತು.

ಫಳಫಳಮ್ಮ ಮಾತ್ರ ಗುಂಡನ್ನೇ ನೋಡುತ್ತಿದ್ದಳು. ಬೆಂಕಿಯ ಮೇಲೆ ಹತ್ತು ನಿಮಿಷ ಕೂತು ಬಂದದ್ದರಿಂದ ಅದರ ಮೈಯೆಲ್ಲ ಕಂದು ಕಪ್ಪು ಹಿಡಿದಿತ್ತು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಕೊಳಕಾಗಿ ಅದನ್ನು ಆಕೆ ಯಾರಿಗೂ ತೋರಿಸಿರಲಿಲ್ಲ.

"ಟೀಚರಮ್ಮ," ಅಂದಳು, "ಈ ಕರಿ ಪೊರೆ ದಾಟಿ ನಿಮ್ಮ ಕರೆಂಟು ಹೋಗುತ್ತಾ?"

ಟೀಚರು ಗುಂಡು ನೋಡಿದರು. ಕಣ್ಣು ಅಗಲವಾಯಿತು. "ಉಜ್ಜಿ ಅಮ್ಮ," ಅಂದರು. "ಉಜ್ಜಿ, ಉಜ್ಜಿ!"

ಇದಕ್ಕಿಂತ ಸವಿಯಾದ ಮಾತನ್ನು ಫಳಫಳಮ್ಮ ಆ ವಾರದಲ್ಲಿ ಕೇಳಿರಲಿಲ್ಲ. ಕಪಾಟಿನ ಮೂಲೆಯಿಂದ ನಿಂಬೆ ಸಿಪ್ಪೆ ಬಂತು, ಬೂದಿಯ ಡಬ್ಬಿ ಬಂತು, ಹೆಗಲ ಮೇಲಿನ ಬಟ್ಟೆ ಬಂತು. ಇನ್ಸ್‌ಪೆಕ್ಟರ ಎದುರೇ ಕಾಲು ಮಡಿಸಿ ಕೂತಳು. ಸರ್ರ್ ಸರ್ರ್ ಎಂದು ನಾಲ್ಕು ನಿಮಿಷ. ಗುಂಡಿನಲ್ಲಿ ಮೊದಲು ಕಿಟಕಿ ಕಾಣಿಸಿತು, ಆಮೇಲೆ ದೀಪ ಹಿಡಿದ ಮಕ್ಕಳು, ಕೊನೆಗೆ ಮೂಗು ಉದ್ದವಾದ ಹೆಡ್‌ಮಾಸ್ಟರು. ಅಷ್ಟರಲ್ಲಿ ತಂತಿ ತಣ್ಣಗಾಗಿ ಬಿಗಿದು ನಿಂತಿತ್ತು.

ಗುಂಡು ಮತ್ತೆ ಏರಿತು. ದೀಪಗಳು ಆಡಿದವು. ಗುಂಡು ಇಳಿಯಿತು, ಇಳಿಯಿತು, ತಟ್ಟೆಗೆ ತಾಗಿತು.

ಟ್ರಿಣ್ಣ್ಣ್ ಎಂದು ಗಂಟೆ ಬಾರಿಸಿದ ಅಬ್ಬರಕ್ಕೆ, ಪಕ್ಕದ ತರಗತಿಯವರು ಊಟಕ್ಕೆ ಬಿಟ್ಟರೆಂದು ಚೀಲ ಹೊತ್ತು ಹೊರಗೆ ಬಂದರು. ದೀಪ ಸರಿಸಿದ ಸ್ವಲ್ಪ ಹೊತ್ತಿಗೆ ಗುಂಡು ತಾನಾಗಿ ಮೇಲೆದ್ದಿತು, ಗಂಟೆ ಬಾಯಿ ಮುಚ್ಚಿತು. ಇನ್ಸ್‌ಪೆಕ್ಟರು ಮೂರು ಸಲ ಮಾಡಿಸಿದರು. ಮೂರನೆಯ ಸಲ ಒಂದು ದೀಪ ತಾವೇ ಹಿಡಿದಿದ್ದರು.

"ಇದು ಯಾರ ಯೋಚನೆ?"

"ನಮ್ಮ ಶಾಲೆಯ ಒಂದು..." ಎಂದು ಹೆಡ್‌ಮಾಸ್ಟರು ಬಾಯಿ ತೆಗೆಯುವಷ್ಟರಲ್ಲಿ ಟೀಚರು, "ಅಮ್ಮಂದು ಸಾರ್. ಬಟ್ಟೆ ಒಣಗಿಸ್ತಾ ಕಂಡುಹಿಡಿದದ್ದು," ಅಂದುಬಿಟ್ಟರು.

"ಈ ರೂಮನ್ನ ಏನೋ ಬದಲಾಯಿಸ್ತೀನಿ ಅಂದಿದ್ರಲ್ಲ?" ಇನ್ಸ್‌ಪೆಕ್ಟರು ಹೆಡ್‌ಮಾಸ್ಟರ ಕಡೆ ತಿರುಗಿದರು.

"ಸುಣ್ಣ ಹೊಡೆಸೋಣ ಅಂತ ಸಾರ್," ಅಂದರು ಹೆಡ್‌ಮಾಸ್ಟರು. ಮಾರುಕಟ್ಟೆ ತಿರುಗಿದ್ದು ಗೊತ್ತಾದ ತಕ್ಷಣ ಸರಕು ಬದಲಿಸುವುದರಲ್ಲಿ ಅವರು ಹಿಂದೆ ಬಿದ್ದವರಲ್ಲ.

ಪರದೆ, ಪ್ರೊಜೆಕ್ಟರುಗಳು ಈಗ ಹೆಡ್‌ಮಾಸ್ಟರ ಕೋಣೆಯಲ್ಲಿವೆ. ಗೇಟಿನ ಸ್ಟೂಲಿನ ಮೇಲೆ ಬೆಕ್ಕು ಮಲಗುತ್ತದೆ. ಹಳೆಯ ಗುಂಡು ತಂತಿಯಲ್ಲೇ ಕಾಯಂ ಆಗಿದೆ, ಅದನ್ನು ಎಷ್ಟು ಬೇಕಾದರೂ ಉಜ್ಜಬಹುದೆಂದು ಟೀಚರ ಅಪ್ಪಣೆ. ಮುಂದಿನ ವಾರವೇ ಗಂಡ ಹೊಸ ಗುಂಡು ತಿರುಗಿಸಿ ಕೊಟ್ಟ. ಅದು ಕಾದರೆ ಬಳೆಯ ಮೇಲೆ ಅಲುಗದೆ ಕೂರುತ್ತದೆ. ಹೆಂಡತಿಯ ಕೈ ಬಲ್ಲವನಾದ್ದರಿಂದ, ಜೊತೆಗೆ ಒಂದು ಹಿತ್ತಾಳೆ ತಗಡಿನ ಮೇಲೆ 'ಉಜ್ಜಬಾರದು' ಎಂದು ಕೆಂಪು ಬಣ್ಣದಲ್ಲಿ ಬರೆದು ಕಳಿಸಿದ. ಟೀಚರು ಅದನ್ನು ಗುಂಡಿನ ಪಕ್ಕದಲ್ಲೇ ಮೊಳೆ ಹೊಡೆದು ನಿಲ್ಲಿಸಿದರು.

ಹೊಸ ಗುಂಡು ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿ, ಹೇಳಿದ ಮಾತು ಕೇಳಿಕೊಂಡು ಕೂತಿದೆ. ಫಳಫಳಮ್ಮ ಅದರ ತಂಟೆಗೆ ಹೋಗುವುದಿಲ್ಲ, ಹಳೆಯ ಗುಂಡಿಗೆ ಕೊಟ್ಟ ಮಾತು ಈಗ ಇದಕ್ಕೆ, ಮಾತು ಮಾತೇ. ಆದರೆ ಶನಿವಾರ ಸಂಜೆ ಕೈ ಸುಮ್ಮನಿರಬೇಕಲ್ಲ. ಆ ತಗಡು ಮಾತ್ರ ಈಗ ಕನ್ನಡಿಯ ಹಾಗೆ ಹೊಳೆಯುತ್ತದೆ, ಅದರ ಮೇಲಿದ್ದ ಅಕ್ಷರಗಳಲ್ಲಿ ಎರಡು ಆಗಲೇ ಅಳಿಸಿ ಹೋಗಿವೆ.